ಆ ಬದಿಗೆ ಶುಂಠಿ, ಈ ಬದಿಗೆ ಡಬ್ಬ

ಫೆಬ್ರವರಿ ೩, ಸೋಮವಾರ

ಇವತ್ತು ಮನೆಯಲ್ಲಿ ರಕ್ತ ಬಿತ್ತು. ಹೇಳಿಕೊಳ್ಳೋಣವೆಂದರೆ ಹೆಂಡತಿ ಊರಲ್ಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಕುಳಿತು ಒಂದು ಹಳೆಯ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದೆ. ನೆನೆಸಿದ ಎಳೆ ಒಣಗುವ ಮುಂಚೆ ಕೆಲಸ ಮುಗಿಸಬೇಕು, ತಲೆ ಎತ್ತಿರಲಿಲ್ಲ. ನಡುಮನೆಯಿಂದ ಒಂದು ಸದ್ದು ಬಂತು. ಬೊಗಳಿದ್ದಲ್ಲ. ದಪ್ಪ ಬಟ್ಟೆ ಹರಿದಂಥ ಸದ್ದು, ಅದರ ಹಿಂದೆಯೇ ಕಿರುಚಾಟ. ಓಡಿ ಹೋದರೆ ನೀರಿನ ಬಟ್ಟಲು ಬೋರಲು ಬಿದ್ದಿದೆ, ನಮ್ಮ ನಾಯಿಗಳು ಶುಂಠಿ ಮತ್ತು ಡಬ್ಬ ಒಂದೇ ಉಂಡೆಯಾಗಿ ನೆಲದ ಮೇಲೆ ಉರುಳಾಡುತ್ತಿವೆ. ಯಾವುದರ ಬಾಯಿ, ಯಾವುದರ ಕಾಲು, ಒಂದೂ ತಿಳಿಯದು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ನಾಯಿಗಳಿರಲಿ, ನನಗೇ ಅದು ಕೇಳಿಸಲಿಲ್ಲ. ಅಷ್ಟರಲ್ಲಿ ಅತ್ತೆಯವರು ಅಡುಗೆಮನೆಯಿಂದ ಎರಡು ಪಾತ್ರೆ ಮುಚ್ಚಳ ತಂದು ಅವುಗಳ ಕಿವಿಯ ಹತ್ತಿರ ಢಣಾರೆಂದು ಬಡಿದರು. ಎರಡೂ ಬೆದರಿ ಬೇರೆಯಾದವು. ಡಬ್ಬನ ಎಡಗಿವಿ ಸೀಳಿ ರಕ್ತ ಸೋರುತ್ತಿತ್ತು. ಅದನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ತಂದು ಬಾಗಿಲು ಹಾಕಿದೆ.

ನನಗೆ ಇನ್ನೂ ನಂಬಿಕೆ ಬರುತ್ತಿಲ್ಲ. ಶುಂಠಿ ನನ್ನ ಹೆಂಡತಿಯ ಜೊತೆಯಲ್ಲೇ ಈ ಮನೆಗೆ ಬಂದ ನಾಯಿ, ಈಗ ಅದಕ್ಕೆ ಒಂಬತ್ತು ವರ್ಷ ವಯಸ್ಸು. ಡಬ್ಬನನ್ನು ಮೂರು ವರ್ಷದ ಕೆಳಗೆ ಮರದ ಡಿಪೋದಲ್ಲಿ ಲಾರಿಯ ಚಕ್ರದ ಹತ್ತಿರ ಕಂಡು ಜೇಬಲ್ಲಿ ಹಾಕಿಕೊಂಡು ಬಂದವನು ನಾನು. ಅದನ್ನು ನೆಕ್ಕಿ, ಗದರಿ, ನಾಯಿ ಮಾಡಿದ್ದು ಶುಂಠಿ. ಈಗ ಡಬ್ಬ ಹೆಸರಿಗೆ ತಕ್ಕ ಹಾಗೆ ದಪ್ಪನಾಗಿ ಬೆಳೆದಿದೆ, ಆದರೂ ನಿನ್ನೆಯವರೆಗೆ ಶುಂಠಿಯ ಹೊಟ್ಟೆಯ ಮೇಲೆ ತಲೆ ಇಟ್ಟೇ ಮಲಗುತ್ತಿತ್ತು.

ಕೊಬ್ಬು, ಇನ್ನೇನು. ದೊಡ್ಡವನಾದೆ ಅನ್ನುವ ಕೊಬ್ಬು ತಲೆಗೇರಿದೆ.

ಅತ್ತೆಯವರು ನೆಲ ಒರೆಸುತ್ತಾ ಗೋಡೆಯ ಕಡೆ ನೋಡಿ, "ಅಳಿಯಂದಿರ ಕೈಗೆ ಏನೂ ಆಗಿಲ್ಲ ತಾನೇ" ಅಂದರು. ನಾನು ನೆಲ ನೋಡಿಕೊಂಡು "ಇಲ್ಲ" ಅಂದೆ. ಆರು ವರ್ಷದಿಂದ ನಮ್ಮ ಮಾತು ಇಷ್ಟೇ. ಜಗಳವಿಲ್ಲ, ಮುನಿಸಿಲ್ಲ. ಏನೇ ಹೇಳಬೇಕಾದರೂ ನಡುವೆ ನನ್ನ ಹೆಂಡತಿ ಇರುತ್ತಿದ್ದಳು. ಅವಳು ಕಿವುಡ ಮಕ್ಕಳ ಶಾಲೆಯ ಟೀಚರು, ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಾಳೆ. ಏಪ್ರಿಲ್‌ವರೆಗೆ ಬರುವುದಿಲ್ಲ.

ಫೆಬ್ರವರಿ ೪, ಮಂಗಳವಾರ

ಡಬ್ಬನ ಕಿವಿಗೆ ಹೊಲಿಗೆ ಹಾಕಿಸಿಕೊಂಡು ಬಂದೆ. ಸಾಯಂಕಾಲ ಎರಡನ್ನೂ ಎದುರುಬದುರು ಬಿಟ್ಟು ನೋಡಿದೆ. ನನ್ನ ಬುದ್ಧಿಗಿಷ್ಟು. ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಹತ್ತಿಕೊಂಡವು. ಬಿಡಿಸಲು ಹೋದ ಅತ್ತೆಯವರ ಮುಂಗೈಗೆ ಹಲ್ಲು ತಾಗಿತು. ಹೆಚ್ಚೇನಿಲ್ಲ, ಚರ್ಮ ತರಚಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದೆ. ಹೋಗುವಾಗ ಬರುವಾಗ ಆಟೋದಲ್ಲಿ ಅವರು ಆ ಕಡೆ ನೋಡಿದರು, ನಾನು ಈ ಕಡೆ ನೋಡಿದೆ.

ಮನೆಯನ್ನು ಎರಡು ಪಾಲು ಮಾಡಿದ್ದಾಯಿತು. ಮುಂದಿನ ಕೋಣೆ, ಅಡುಗೆಮನೆ, ಅತ್ತೆಯವರು ಮತ್ತು ಶುಂಠಿ ಒಂದು ಕಡೆ. ಹಿಂದಿನ ಕೋಣೆ, ಹಿತ್ತಲು, ನಾನು ಮತ್ತು ಡಬ್ಬ ಇನ್ನೊಂದು ಕಡೆ. ನಡುವೆ ಬಾಗಿಲು. ತೆಗೆಯುವ ಮುಂಚೆ ಆ ಕಡೆ ನಾಯಿ ಕಟ್ಟಿದೆಯೋ ಇಲ್ಲವೋ ಕೇಳಿಕೊಳ್ಳಬೇಕು. ಊಟಕ್ಕೆ ಹೋಗಲು ಬಾಗಿಲು ತಟ್ಟಿದೆ.

"ಎಂಗೇಜ್!" ಎಂದು ಒಳಗಿನಿಂದ ಕೂಗು ಬಂತು.

ನನಗೆ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಫ್ರೀ" ಅಂದರು. ಅತ್ತೆಯವರು ನಿವೃತ್ತರಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಅದು ಆಗ ನೆನಪಾಯಿತು.

ಫೆಬ್ರವರಿ ೯, ಭಾನುವಾರ

ಹೆಂಡತಿಯ ವಿಡಿಯೋ ಕಾಲ್ ಇತ್ತು. ಅತ್ತೆಯವರು ಮುಂಚೆಯೇ ಬಾಗಿಲ ಸಂದಿಯಿಂದ, "ಅವಳಿಗೆ ಹೇಳೋದು ಬೇಡ. ಪರೀಕ್ಷೆ ಬರೀಬೇಕು, ಸುಮ್ನೆ ಅತ್ಕೊಂಡು ಕೂತ್ಕೋತಾಳೆ" ಅಂದಿದ್ದರು. ಒಪ್ಪಿದ್ದೆ.

ಅವಳು ಮೊದಲು ಶುಂಠಿಯನ್ನು ನೋಡಿದಳು. ನಾನು ಫೋನು ತೆಗೆದುಕೊಂಡು ಬಂದು ಡಬ್ಬನನ್ನು ತೋರಿಸಿದೆ, ಬಲಗಿವಿ ಮಾತ್ರ ಕಾಣುವ ಹಾಗೆ.

"ಅಯ್ಯೋ, ಇಬ್ರನ್ನೂ ಒಟ್ಟಿಗೆ ಕೂರಿಸಿ ತೋರಿಸ್ರೀ. ಮಲ್ಕೊಂಡಿರೋದನ್ನ ನೋಡ್ಬೇಕು ನಂಗೆ."

ನಾನು ಬಾಗಿಲ ಕಡೆ ನೋಡಿದೆ. ಅತ್ತೆಯವರು ಸಂದಿಯಿಂದ ಕೈ ಚಾಚಿ ಫೋನು ಇಸಕೊಂಡರು. "ಹಲೋ? ಹಲೋ? ಏನಮ್ಮ? ನೀನು ಮಾತಾಡಿದ್ದು ಅರ್ಧ ಅರ್ಧ ಕೇಳಿಸ್ತಿದೆ... ಹಲೋ..." ಎನ್ನುತ್ತಾ, ಸ್ವಲ್ಪವೂ ಮುಖ ಬದಲಾಗದೆ, ಗುಂಡಿ ಒತ್ತಿ ಕಟ್ ಮಾಡಿದರು. ಆಮೇಲೆ ಫೋನು ನನ್ನ ಕೈಗೆ ಕೊಟ್ಟು, "ಹತ್ತು ಹದಿನೈದು ಜನ ಮೇಲಧಿಕಾರಿಗಳಿಗೆ ಹೀಗೆ ಮಾಡಿದೀನಿ" ಎಂದು ಹೇಳಿ ಅಡುಗೆಮನೆಗೆ ಹೋದರು.

ನಗು ತಡೆಯಲು ಆಗಲಿಲ್ಲ. ಹಿತ್ತಲಿಗೆ ಹೋಗಿ ನಕ್ಕೆ.

ಫೆಬ್ರವರಿ ೧೩, ಗುರುವಾರ

ಮರದ ಡಿಪೋ ಯಜಮಾನ ಬಂದಿದ್ದ. ಕುರ್ಚಿ ಕಾಲಿಗೆ ಮರ ಕೊಡುವವನು, ಹಳೆಯ ಪರಿಚಯ. ಡಬ್ಬನನ್ನು ನೋಡಿ, "ನನಗೆ ಕೊಟ್ಬಿಡಿ. ರಾತ್ರಿ ಕಾವಲಿಗೆ ಇಂಥದ್ದೇ ಬೇಕು. ಅಲ್ಲೇ ಹುಟ್ಟಿದ್ದು ತಾನೇ, ತವರಿಗೆ ಹೋದ ಹಾಗೆ" ಅಂದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನು ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಅಂದುಬಿಟ್ಟ.

ಇನ್ನೇನು ದಾರಿ? ಮನೆಯಲ್ಲಿ ವಯಸ್ಸಾದವರಿದ್ದಾರೆ. ಕೈಗೆ ಬಿದ್ದದ್ದು ನಾಳೆ ಮುಖಕ್ಕೆ ಬೀಳಬಹುದು. ಡಬ್ಬ ನನ್ನ ಪಾದದ ಮೇಲೆ ಗಲ್ಲ ಊರಿ ಕುಳಿತಿತ್ತು. ಇಡೀ ಮಧ್ಯಾಹ್ನ ಒಂದು ಸಾಲೂ ಬೆತ್ತ ನೇರವಾಗಿ ಬರಲಿಲ್ಲ.

ದೀಪ ಹಾಕುವ ಹೊತ್ತಿಗೆ ಬಾಗಿಲ ಆ ಕಡೆಯಿಂದ ಅತ್ತೆಯವರ ಧ್ವನಿ ಬಂತು. "ಕೇಳಿಸ್ತಾ ಇದೆಯಾ?"

"ಹೇಳಿ."

"ಬಾಗಿಲು ತೆಗೀಬೇಡಿ. ಹೀಗೇ ಹೇಳ್ತೀನಿ. ಮುಖ ನೋಡ್ಕೊಂಡು ಮಾತಾಡಿ ನನಗೆ ಅಭ್ಯಾಸ ಕಮ್ಮಿ."

ನಾನು ಮಣೆ ಎಳೆದುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ.

"ಶುರು ಮಾಡಿದ್ದು ಡಬ್ಬ ಅಲ್ಲ," ಅಂದರು. "ಎರಡು ಸಲಾನೂ ಶುಂಠೀನೇ. ಅವನು ನೀರು ಕುಡಿಯೋಕೆ ಅಂತ ಬಂದ, ಇವಳ ಮೂತಿಗೆ ತಲೆ ತಾಗ್ತು. ಅಷ್ಟಕ್ಕೇ ಎಗರಿ ಬಿದ್ಲು. ನಾನು ಕಣ್ಣಾರೆ ನೋಡಿದೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ನಮ್ಮ ಕಡೆಯ ನಾಯಿ ಅಲ್ವಾ," ಅಂದರು. "ಹೆಣ್ಣು ಕೊಟ್ಟ ಮನೇಲಿ ನಮ್ಮ ಕಡೆಯವರದ್ದೇ ತಪ್ಪು ಅಂತ ಹೇಗೆ ಹೇಳೋದು?"

ನಾನೂ ಡಬ್ಬನದೇ ತಪ್ಪು ಎಂದುಕೊಂಡದ್ದು ಅದು ನನ್ನ ಕಡೆಯ ನಾಯಿ ಎಂತಲೇ. ಹಾಗಂತ ಹೇಳಿದೆ. ಆ ಕಡೆಯಿಂದ ನಗು ಕೇಳಿಸಿತು. ಅತ್ತೆಯವರು ನಗುವುದನ್ನು ಇದಕ್ಕೆ ಮುಂಚೆ ಕೇಳಿದ್ದೇನೆಯೇ? ನೆನಪಿಲ್ಲ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಶುಂಠಿ ಈಚೆಗೆ ಅನ್ನವನ್ನು ಒಂದೇ ದವಡೆಯಲ್ಲಿ ಅಗಿಯುತ್ತದಂತೆ, ಗಟ್ಟಿ ರೊಟ್ಟಿ ಹಾಕಿದರೆ ಮೂಸಿ ಬಿಡುತ್ತದಂತೆ.

ಫೆಬ್ರವರಿ ೧೫, ಶನಿವಾರ

ಶುಂಠಿಯನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಇಬ್ಬರೂ. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಮಾತ್ರ ಹೆಡ್‌ಮೇಷ್ಟರದ್ದು. ಬಾಯಿ ತೆರೆಸಿ ಟಾರ್ಚು ಬಿಟ್ಟು, "ನೋಡಿ ಇಲ್ಲಿ" ಎಂದರು. ಹಿಂದಿನ ದವಡೆ ಹಲ್ಲು ಸೀಳಿದೆ, ಬುಡದಲ್ಲಿ ಕೀವು.

"ಯಾರಾದ್ರೂ ಈ ಕೆನ್ನೆ ಮುಟ್ಟಿದ್ರೆ ಇವಳಿಗೆ ಕಣ್ಣು ಕತ್ತಲೆ ಬರ್ತಿತ್ತು. ಹೇಳೋಕೆ ಬಾಯಿಲ್ಲ, ಅದಕ್ಕೆ ಕಚ್ಚಿದಾಳೆ."

ಹಲ್ಲು ಕೀಳಿಸಿದ್ದಾಯಿತು. ಅರೆಪ್ರಜ್ಞೆಯಲ್ಲಿದ್ದ ಶುಂಠಿಯನ್ನು ಆಟೋದಲ್ಲಿ ಅತ್ತೆಯವರು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. "ಇಷ್ಟು ದಿನ ನೋವು ನುಂಗ್ಕೊಂಡು ಬಾಲ ಅಲ್ಲಾಡಿಸ್ತಿದ್ಯಲ್ಲೇ" ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದರು. ನಾನು ಆಟೋದವನಿಗೆ ಮೆಲ್ಲಗೆ ಹೋಗಲು ಹೇಳಿದೆ.

ಫೆಬ್ರವರಿ ೧೬, ಭಾನುವಾರ

ಡಿಪೋ ಯಜಮಾನ ಹೊಸ ಚೈನು ಕೈಯಲ್ಲಿ ಹಿಡಿದುಕೊಂಡೇ ಬಂದ. ನಾನು ಅದು ಇದು ಎಂದು ಗಂಟಲಲ್ಲೇ ನುಂಗುತ್ತಿದ್ದೆ. ಹೊರಗಿನವರು ಬಂದಾಗ ಅತ್ತೆಯವರು ಮುಂದೆ ಬರುವುದಿಲ್ಲ. ಇವತ್ತು ಬಂದರು. ಸೆರಗಿಗೆ ಕೈ ಒರೆಸಿಕೊಂಡು, ಟೆಲಿಫೋನಿನ ಧ್ವನಿಯಲ್ಲಿ, "ನಮ್ಮ ಡಬ್ಬ ಎಲ್ಲಿಗೂ ಬರೋದಿಲ್ಲ. ನಿಮಗೆ ತೊಂದರೆ ಆಗಿದ್ದಕ್ಕೆ ಕ್ಷಮಿಸಿ. ಟೀ ಕುಡಿದು ಹೋಗಿ" ಅಂದರು. ಅವನು ಟೀ ಕುಡಿದು ಹೋದ.

ನಮ್ಮ ಡಬ್ಬ ಅಂದರು.

ಫೆಬ್ರವರಿ ೨೬, ಬುಧವಾರ

ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಶುಂಠಿಯ ಗಾಯ ಆರಿದೆ, ಗಟ್ಟಿ ರೊಟ್ಟಿ ತಿನ್ನುತ್ತಿದೆ, ಬಾಗಿಲ ಸಂದಿಗೆ ಮೂಗಿಟ್ಟು ಮೊದಲಿನ ಹಾಗೆ ಡಬ್ಬನನ್ನು ಕರೆಯುತ್ತಿದೆ. ಇವತ್ತು ಬಾಗಿಲು ತೆಗೆದೆವು. ಶುಂಠಿ ಬಾಲ ಅಲ್ಲಾಡಿಸುತ್ತಾ ಬಂತು. ಡಬ್ಬ ಗೋಡೆಗೆ ಅಂಟಿಕೊಂಡು, ಮೈ ನಡುಗಿಸಿ, ಶುಂಠಿ ಹತ್ತಿರ ಬಂದ ಕೂಡಲೇ ಮೇಲೆ ಹಾರಿತು. ಈ ಸಲ ಶುರು ಮಾಡಿದ್ದು ಡಬ್ಬನೇ. ಚೈನು ನನ್ನ ಕೈಯಲ್ಲಿದ್ದುದರಿಂದ ಉಳಿದುಕೊಂಡೆವು.

ಹಲ್ಲು ಕಿತ್ತರೆ ನೋವು ಹೋಗುತ್ತದೆ. ಇದರ ಹೆದರಿಕೆಯನ್ನು ಎಲ್ಲಿಂದ ಕೀಳುವುದು?

ಡಾಕ್ಟರಮ್ಮನಿಗೆ ಫೋನು ಮಾಡಿದೆ. "ಮನೆ ಒಳಗೆ ಬೇಡ. ಹೊರಗೆ ನಡೆಸಿ. ರಸ್ತೆಯ ಆ ಬದಿಗೆ ಒಂದು, ಈ ಬದಿಗೆ ಒಂದು. ದಿನಾ. ಅವನು ಇವಳನ್ನ ನೋಡ್ತಾ ನೋಡ್ತಾ ಏನೂ ಆಗ್ಲಿಲ್ಲ ಅನ್ನೋದು ಅವನ ತಲೆಗೆ ಹೋಗ್ಬೇಕು. ಆಮೇಲೆ ನಿಧಾನಕ್ಕೆ ಹತ್ತಿರ ತನ್ನಿ. ಇದಕ್ಕೆ ಇಬ್ರು ಬೇಕಾಗ್ತಾರೆ. ಮನೇಲಿ ಇನ್ಯಾರಾದ್ರೂ ಇದಾರಾ?"

"ನಮ್ಮತ್ತೆ ಇದಾರೆ. ಆದರೆ ಅವರು..."

"ಮೊನ್ನೆ ಬಂದಿದ್ರಲ್ಲ, ಅವರೇ ತಾನೇ? ಸಾಕು ಬಿಡಿ, ಅವರೊಬ್ರಿದ್ರೆ ನೀವೂ ಬೇಕಾಗಲ್ಲ."

ಮಾರ್ಚ್ ೫, ಬುಧವಾರ

ಅತ್ತೆ ನನ್ನ ಹೆಂಡತಿಯ ಕ್ಯಾನ್ವಾಸ್ ಶೂ ಹಾಕಿಕೊಂಡರು. ಸೀರೆಯ ಕೆಳಗೆ ಬಿಳಿ ಶೂ. ಕನ್ನಡಿಯ ಮುಂದೆ ನಿಂತು, "ನಕ್ಕರೆ ನೋಡಿ ಮತ್ತೆ" ಎಂದು ನನಗೆ ಎಚ್ಚರಿಕೆ ಕೊಟ್ಟರು.

ಅವರು ಶುಂಠಿಯ ಜೊತೆ ರಸ್ತೆಯ ಆ ಬದಿಗೆ, ನಾನು ಡಬ್ಬನ ಜೊತೆ ಈ ಬದಿಗೆ. ಡಬ್ಬ ಮೊದಲು ಬೇಕರಿಯ ತನಕ ಕತ್ತು ಬಿಗಿ ಹಿಡಿದು ಆ ಕಡೆಯೇ ನೋಡುತ್ತಿತ್ತು. ಆಮೇಲೆ ಒಂದು ಕಂಬ ಮೂಸಿತು. ಅದೇ ದೊಡ್ಡ ಸಮಾಚಾರ ನನಗೆ.

"ಮೂಸಿದ!" ಎಂದು ಕೂಗಿದೆ.

"ಏನು?"

"ಕಂಬ! ಕಂಬ ಮೂಸಿದ!"

ಬೇಕರಿಯವನು ಬ್ರೆಡ್ ಜೋಡಿಸುವುದನ್ನು ಬಿಟ್ಟು ನಮ್ಮನ್ನು ನೋಡಿದ.

ಮಾರ್ಚ್ ೧೨, ಬುಧವಾರ

ದಿನವೂ ಹೋಗುತ್ತಿದ್ದೇವೆ. ರಸ್ತೆಯ ಎರಡು ಬದಿಯಿಂದ ಮಾತಾಡಬೇಕಾದರೆ ಕೂಗಲೇಬೇಕು, ಹಾಗಾಗಿ ಗುಟ್ಟು ಅನ್ನುವುದೇನೂ ಉಳಿದಿಲ್ಲ. ನನ್ನ ಮಂಡಿನೋವು ಇಡೀ ಬೀದಿಗೆ ಗೊತ್ತು. ಲಾಂಡ್ರಿಯಾಕೆ ಇವತ್ತು ತಾನೇ ಒಂದು ಎಣ್ಣೆಯ ಹೆಸರು ಹೇಳಿದಳು.

ಅತ್ತೆ ಎಕ್ಸ್‌ಚೇಂಜಿನ ಕಥೆ ಹೇಳಿದರು. ಒಬ್ಬ ಮನುಷ್ಯ ಪ್ರತಿ ಸಂಜೆ ದೂರದ ಊರಿನ ಒಂದು ನಂಬರಿಗೆ ಕಾಲ್ ಬುಕ್ ಮಾಡುತ್ತಿದ್ದನಂತೆ. ಯಾವತ್ತೂ ಯಾರೂ ಎತ್ತುತ್ತಿರಲಿಲ್ಲ. ಕೊನೆಗೆ ಅತ್ತೆ, "ಸಾರ್, ಅಲ್ಲಿ ಯಾರೂ ಇಲ್ಲ ಅನ್ಸುತ್ತೆ" ಅಂದರಂತೆ. ಅವನು, "ಗೊತ್ತಮ್ಮ, ಅದು ನಮ್ಮನೇನೇ. ಬೀಗ ಹಾಕ್ಕೊಂಡು ಬಂದಿದೀನಿ. ಸ್ವಲ್ಪ ಹೊತ್ತು ರಿಂಗ್ ಆಗ್ಲಿ ಬಿಡಿ" ಅಂದನಂತೆ. ಅವತ್ತಿನಿಂದ ಅತ್ತೆ ನಿಯಮ ಮೀರಿ ಅವನಿಗೆ ಇನ್ನೂ ಸ್ವಲ್ಪ ಹೊತ್ತು ರಿಂಗ್ ಕೊಡುತ್ತಿದ್ದರು.

ನಡುವೆ ಒಂದು ಲಾರಿ ಬಂದು ಕಥೆ ಅರ್ಧಕ್ಕೆ ನಿಂತಿತ್ತು. ನಾವಿಬ್ಬರೂ ನಿಂತು, ಅದು ಹೋದ ಮೇಲೆ ಮುಂದುವರಿಸಿದೆವು. ಡಬ್ಬ, ಶುಂಠಿ ಎರಡೂ ಸುಮ್ಮನೆ ಕಾಯ್ದವು.

ಇಂಥ ಹೆಂಗಸು ನಮ್ಮ ಮನೆಯಲ್ಲೇ ಇದ್ದರು.

ಮಾರ್ಚ್ ೨೦, ಗುರುವಾರ

ಇವತ್ತು ಸ್ವಲ್ಪದರಲ್ಲಿ ಎಲ್ಲ ನೀರುಪಾಲಾಗುತ್ತಿತ್ತು.

ವಾರದಿಂದ ರಸ್ತೆಯ ಒಂದೇ ಬದಿಗೆ ಬಂದಿದ್ದೇವೆ. ಅತ್ತೆ ಶುಂಠಿಯ ಜೊತೆ ಮುಂದೆ, ನಾನು ಸ್ವಲ್ಪ ಹಿಂದೆ. ಗ್ಯಾರೇಜಿನ ಹತ್ತಿರ ಯಾರೋ ಕಬ್ಬಿಣದ ಶಟರ್ ಧಡಾರನೆ ಎಳೆದರು. ಡಬ್ಬ ಬೆಚ್ಚಿಬಿದ್ದು, ಕಣ್ಣಿಗೆ ಮೊದಲು ಕಂಡ ಶುಂಠಿಯ ಮೇಲೆಯೇ ನುಗ್ಗಿತು. ಚೈನು ಅಂಗೈಯಿಂದ ಜಾರುತ್ತಿತ್ತು. ನಾನು ಮಂಡಿಯೂರಿ ಬಿದ್ದೆ. ಮುಂದಿನಿಂದ ಅತ್ತೆ ಕೂಗಿದರು.

"ಬಿಡಬೇಡ ಕಣೋ! ಕೈಗೆ ಸುತ್ಕೋ! ಬಿಡಬೇಡ!"

ಸುತ್ತಿಕೊಂಡೆ. ಅತ್ತೆ ಶುಂಠಿಯನ್ನು ಎಳೆದುಕೊಂಡು, ಅಲ್ಲೇ ನಿಂತಿದ್ದ ಒಂದು ವ್ಯಾನಿನ ಹಿಂದಕ್ಕೆ ಹೋಗಿಬಿಟ್ಟರು. ಎದುರಿಗೆ ಏನೂ ಕಾಣದೆ ಡಬ್ಬ ನಿಂತಿತು, ಬಾಯಿ ತೆರೆದು ಏದುಸಿರು ಬಿಟ್ಟಿತು, ಬಂದು ನನ್ನ ಕಂಕುಳಲ್ಲಿ ಮುಖ ತೂರಿಸಿತು.

"ಬದುಕಿದೀಯಾ?" ವ್ಯಾನಿನ ಹಿಂದಿನಿಂದ ಕೇಳಿದರು.

"ಪ್ಯಾಂಟು ಹೋಯ್ತು."

"ಪ್ಯಾಂಟು ಹೋಗ್ಲಿ ಬಿಡು. ಮಂಡಿ?"

ಮಂಡಿ ತರಚಿತ್ತು, ಅಷ್ಟೇ. ಲಾಂಡ್ರಿಯ ಮೆಟ್ಟಿಲ ಆ ತುದಿಗೆ ಅವರು, ಈ ತುದಿಗೆ ನಾನು ಕುಳಿತೆವು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಕ್ಕು ನಕ್ಕು ಅತ್ತೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನೋಡಿದರೆ ಶುಂಠಿ ಮಲಗಿಬಿಟ್ಟಿದೆ. ಡಬ್ಬ ಅದನ್ನು ನೋಡಿ, ಆಕಳಿಸಿ, ತಾನೂ ಮಲಗಿತು. ನಡುವೆ ಒಂದು ಮೆಟ್ಟಿಲಷ್ಟು ಜಾಗ.

ಮನೆಗೆ ಬಂದು ಪ್ಯಾಂಟಿಗೆ ತೇಪೆ ಹಾಕಿಕೊಟ್ಟರು. ನೇರ ಹೊಲಿಗೆ.

ಏಪ್ರಿಲ್ ೨, ಬುಧವಾರ

ಬಹಳ ದಿನವಾಯಿತು ಬರೆದು. ಬರೆಯೋಣ ಎಂದು ಕುಳಿತರೆ ಏನೂ ಹೊಳೆಯುತ್ತಿಲ್ಲ. ಎಲ್ಲವನ್ನೂ ಬೆಳಿಗ್ಗೆ ಬೀದಿಯಲ್ಲೇ ಹೇಳಿ ಮುಗಿಸಿರುತ್ತೇನೆ.

ಏಪ್ರಿಲ್ ೧೦, ಗುರುವಾರ

ಹಿತ್ತಲಲ್ಲಿ ಎರಡನ್ನೂ ಚೈನು ಸಡಿಲ ಮಾಡಿ ಬಿಟ್ಟೆವು. ಡಾಕ್ಟರಮ್ಮ ಹೇಳಿದ ಹಾಗೆ ಸುಮ್ಮನೆ ನಿಲ್ಲದೆ ಅತ್ತಿತ್ತ ಓಡಾಡುತ್ತಾ, ಮಾತಾಡುತ್ತಾ ಇದ್ದೆವು. ಏನು ಮಾತಾಡುವುದು? "ಏನಾದ್ರೂ ಹೇಳೋ, ಅವುಕ್ಕೆ ನಮ್ಮ ಭಯ ಗೊತ್ತಾಗಬಾರದು" ಅಂದರು. ನಾನು ಬೆತ್ತ ಹೆಣೆಯುವ ಬಗೆಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ. ಅವರು ನಡುನಡುವೆ "ಹೂಂ, ಆಮೇಲೆ?" ಎಂದರು.

ಡಬ್ಬ ಸುತ್ತು ಹಾಕಿ ಬಂದು ಶುಂಠಿಯ ಬಾಲ ಮೂಸಿತು. ಶುಂಠಿ ತಿರುಗಿ ಅದರ ಹೊಲಿಗೆಯ ಗುರುತಿರುವ ಕಿವಿ ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ಒಂದು ಸಲ ನೆಕ್ಕಿತು, ಯಾವುದೋ ಮರೆತ ಕೆಲಸ ನೆನಪಾದವರ ಹಾಗೆ. ಡಬ್ಬ ನೆಲಕ್ಕೆ ಒರಗಿ ಕಾಲು ಮೇಲೆ ಮಾಡಿತು, ಅಷ್ಟು ದೊಡ್ಡ ದೇಹ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು. ನಾನು ಹಿತ್ತಲು ಗುಡಿಸಿದೆ, ಗುಡಿಸುವಂಥದ್ದೇನೂ ಇರದಿದ್ದರೂ.

ಅವುಗಳ ಊಟ ಮಾತ್ರ ಇನ್ನು ಮುಂದೆಯೂ ಬೇರೆ ಬೇರೆ ಕೋಣೆಯಲ್ಲಿ. ಅಷ್ಟು ನಂಬಿಕೆ ನಮ್ಮಿಬ್ಬರಿಗೂ ಬಂದಿಲ್ಲ, ನಾಯಿಗಳಿಗೂ ಬಂದಿಲ್ಲ. ಬರದಿದ್ದರೂ ಚಿಂತೆಯಿಲ್ಲ.

ಏಪ್ರಿಲ್ ೧೯, ಶನಿವಾರ

ಹೆಂಡತಿ ಬಂದಳು. ಬಸ್‌ಸ್ಟ್ಯಾಂಡಿಗೆ ನಾನು ಹೋಗಿದ್ದೆ. ಮನೆಗೆ ಬಂದು ಬ್ಯಾಗು ಇಳಿಸುವ ಮುಂಚೆಯೇ ಡಬ್ಬನ ಕಿವಿ ನೋಡಿದಳು. ಅತ್ತೆಯ ಮುಂಗೈ ನೋಡಿದಳು. ನಾಯಿಗಳ ಊಟದ ಹೊತ್ತಿಗೆಂದು ನಾನು ನಡುಬಾಗಿಲಿಗೆ ಹಾಕಿದ್ದ ಜಾಲರಿ ನೋಡಿದಳು.

"ಏನಾಯ್ತು? ನಿಜ ಹೇಳಿ."

ಹೇಳಿದೆವು. ನಾನು ಎರಡು ಮಾತು, ಅತ್ತೆ ನಾಲ್ಕು ಮಾತು. ನಾನು ತಪ್ಪಿದ್ದನ್ನು ಅವರು ತಿದ್ದಿದರು, ಅವರು ಬಿಟ್ಟದ್ದನ್ನು ನಾನು ಸೇರಿಸಿದೆ. ಶಟರ್ ಸದ್ದು ಬಂದ ಕಡೆ ಇಬ್ಬರೂ ಎದ್ದು ನಿಂತು ಮಾಡಿ ತೋರಿಸಿದೆವು. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಶುಂಠಿಯ ಬಾಯಿ ತೆರೆದು ಹಲ್ಲಿಲ್ಲದ ಜಾಗ ನೋಡಿ ಅತ್ತಳು, ಆಮೇಲೆ ಸುಮ್ಮನೆ ನಮ್ಮಿಬ್ಬರನ್ನೇ ಬದಲಿಸಿ ಬದಲಿಸಿ ನೋಡುತ್ತಾ ಕುಳಿತಳು. ಪ್ರಯಾಣದ ಆಯಾಸವಿರಬೇಕು.

ಪರೀಕ್ಷೆ ಚೆನ್ನಾಗಿ ಆಗಿದೆಯಂತೆ.

ಏಪ್ರಿಲ್ ೨೦, ಭಾನುವಾರ

ಚೆನ್ನಾಗಿ ನಿದ್ದೆ ಬಂತು. ಎದ್ದಾಗ ಬಿಸಿಲು ಮೆಟ್ಟಿಲಿಗೆ ಬಂದಿತ್ತು. ಹೆಂಡತಿ ಎರಡೂ ಚೈನು ಕೈಯಲ್ಲಿ ಹಿಡಿದುಕೊಂಡು, "ಇವತ್ತು ನಾವಿಬ್ರೂ ಹೋಗೋಣ, ಅಮ್ಮ ರೆಸ್ಟ್ ಮಾಡ್ಲಿ" ಅಂದಳು. ಸರಿ ಎಂದು ಅಂಗಿ ಹಾಕಿಕೊಳ್ಳುತ್ತಿದ್ದೆ. ಗೇಟಿನ ಹತ್ತಿರದಿಂದ ಕೂಗು ಕೇಳಿಸಿತು.

"ಏಯ್, ಎಷ್ಟು ಹೊತ್ತೋ? ಬಿಸಿಲೇರಿತು, ಬೇಗ ಬಾ!"

ಹೆಂಡತಿ ಕಿಟಕಿಯಿಂದ ಬಗ್ಗಿ ನೋಡಿದಳು. ಅತ್ತೆ ಅವಳ ಶೂ ಹಾಕಿಕೊಂಡು ಗೇಟು ತೆರೆದು ನಿಂತಿದ್ದರು.

"ಅಮ್ಮ ಯಾರನ್ನ ಕರೀತಿದಾಳೆ?" ಅಂದಳು.

ಎಂಥ ಪ್ರಶ್ನೆ. "ನನ್ನನ್ನೇ, ಇನ್ಯಾರನ್ನ?" ಎಂದು ಅವಳ ಕೈಯಿಂದ ಚೈನು ತೆಗೆದುಕೊಂಡು ಹೊರಟೆ.